ಹೊಳೆಗೆ ಯಾವ ದೋಣಿ, ಕಡಲಿಗೆ ಯಾವುದು?

ಹೊನ್ನಾವರದ ಶರಾವತಿ, ಕುಮಟಾದ ಅಘನಾಶಿನಿ, ಭಟ್ಕಳ ತಾಲ್ಲೂಕಿನ ನೇತ್ರಾಣಿ ದ್ವೀಪ. ಮಕ್ಕಳುಮರಿಯೊಂದಿಗೆ ಯಂತ್ರದೋಣಿಯಲ್ಲಿ ವಿಹಾರ ಹೊರಡುವವರನ್ನು ಈ ಮೂರೂ ಕೈಬೀಸಿ ಕರೆಯುತ್ತವೆ. ಆದರೆ ಮೂರಕ್ಕೂ ಒಂದೇ ದೋಣಿ ಸಲ್ಲದು.

ದೋಣಿಯ ಗುಣವಿರುವುದು ಅದರ ತಳದಲ್ಲಿ. ತಳ ಚಪ್ಪಟೆಯಾಗಿದ್ದರೆ ದೋಣಿ ಶಾಂತ ನೀರಿನಲ್ಲಿ ಅಷ್ಟಾಗಿ ಓಲಾಡದು. ಕಡಿಮೆ ನೀರಿದ್ದರೂ ತೇಲುತ್ತದೆ. ಶರಾವತಿ ಅಳಿವೆಯ ಕಾಂಡ್ಲಾ ಗಿಡಗಳ ನಡುವೆ ಸುತ್ತಲು ಇದೇ ಲೇಸು. ಇದನ್ನೇ ಕಡಲಿಗಿಳಿಸಿದರೆ ಪ್ರತಿ ಅಲೆಯೂ ತಳಕ್ಕೆ ರಪ್ಪೆಂದು ಬಡಿಯುತ್ತದೆ. ಇಂಗ್ಲಿಷಿನ ‘ವಿ’ ಅಕ್ಷರದಂಥ ಚೂಪು ತಳದ ದೋಣಿಯಾದರೋ ಅಲೆಯನ್ನು ಸೀಳಿ ಸಾಗುತ್ತದೆ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಗೆ ಇಂಥದೇ ಬೇಕು. ಆದರೆ ಇದು ಹೆಚ್ಚು ಆಳದ ನೀರನ್ನೂ ಹೆಚ್ಚು ಶಕ್ತಿಯ ಎಂಜಿನ್ನನ್ನೂ ಬೇಡುತ್ತದೆ.

ಅಳಿವೆಯಲ್ಲಿ ಇನ್ನೊಂದು ಲೆಕ್ಕವಿದೆ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ತುಂಬಿದ ನೀರು ಆರು ಗಂಟೆಗಳಲ್ಲಿ ತಗ್ಗುತ್ತದೆ. ಬೆಳಿಗ್ಗೆ ತೇಲಿದ ಜಾಗದಲ್ಲೇ ಮಧ್ಯಾಹ್ನ ಮರಳು ದಿಬ್ಬ ಕಂಡೀತು. ಹೊರಡುವ ಮುನ್ನ ಇಳಿತದ ಹೊತ್ತು ಕೇಳಿಕೊಳ್ಳಿ.

ಯಾವ ದೋಣಿಯೇ ಆಗಲಿ, ಜನ ಎದ್ದು ನಿಂತರೆ ಗುರುತ್ವ ಕೇಂದ್ರ ಮೇಲೇರುತ್ತದೆ. ಜೊತೆಗೆ ಎಲ್ಲರೂ ಒಂದೇ ಬದಿಗೆ ವಾಲಿದರೆ ದೋಣಿ ಮಗುಚೀತು. ಲೈಫ್ ಜಾಕೆಟ್ ಸೀಟಿನಡಿ ಇದ್ದರೆ ಪ್ರಯೋಜನವಿಲ್ಲ, ಮೈಮೇಲಿರಬೇಕು. ಮಗುವಿಗೆ ಮಗುವಿನ ಅಳತೆಯದೇ ಆಗಬೇಕು. ಮಳೆಗಾಲದಲ್ಲಂತೂ ಕಡಲ ವಿಹಾರದ ಮಾತೇ ಬೇಡ.

ಬಾಡಿಗೆ ಎಷ್ಟೆಂದು ಕೇಳುವ ಮೊದಲು ತಳ ಹೇಗಿದೆಯೆಂದು ನೋಡುವುದು ಜಾಣತನ.