ಸಂಧಿವಾತದ ಔಷಧಗಳು: ಗುಣವೆಷ್ಟು, ದೋಷವೆಷ್ಟು?

ಕೀಲುನೋವುಗಳೆಲ್ಲವೂ ಒಂದೇ ರೋಗವಲ್ಲ. ವಯಸ್ಸಾದಂತೆ ಮೊಣಕಾಲಿನ ಮೃದ್ವಸ್ಥಿ ಸವೆದು ಬರುವ ನೋವು ಬೇರೆ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಕೀಲುಗಳ ಒಳಪೊರೆಯ ಮೇಲೆ ಎರಗುವುದರಿಂದ ಉಂಟಾಗುವ ರುಮಟಾಯ್ಡ್ ಸಂಧಿವಾತ ಬೇರೆ. ಎರಡೂ ಕೈಗಳ ಬೆರಳಿನ ಕೀಲುಗಳು ಊದುವುದು, ಬೆಳಗಿನ ಬಿಗಿತ ಬಹಳ ಹೊತ್ತು ಸಡಿಲವಾಗದಿರುವುದು ಇದರ ಮುಖ್ಯ ಲಕ್ಷಣಗಳು. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಇದರ ಔಷಧಗಳನ್ನು ತೂಗಿ ನೋಡುವಾಗ, ನೋವು ಎಷ್ಟು ಬೇಗ ಶಮನವಾಯಿತೆಂಬುದಕ್ಕಿಂತ ಕೀಲು ಉಳಿಯಿತೇ ಎಂಬ ಪ್ರಶ್ನೆಯೇ ಮುಖ್ಯವಾದುದು.

ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ನೋವು ನಿವಾರಕಗಳು ಕೆಲವೇ ಗಂಟೆಗಳಲ್ಲಿ ಹಿತವನ್ನುಂಟುಮಾಡುತ್ತವೆ. ಆದರೆ ಒಳಗೊಳಗೇ ಎಲುಬು ಕೊರೆದುಹೋಗುವುದನ್ನು ಅವು ತಡೆಯಲಾರವು. ಅಸಲನ್ನು ಮುಟ್ಟದೆ ಬಡ್ಡಿಯನ್ನಷ್ಟೇ ತೀರಿಸಿದಂತಹ ಉಪಚಾರವಿದು. ದೀರ್ಘಕಾಲ ಸೇವಿಸಿದಲ್ಲಿ ಜಠರದ ಹುಣ್ಣು, ರಕ್ತಸ್ರಾವ, ಮೂತ್ರಪಿಂಡ ಹಾಗೂ ಹೃದಯಕ್ಕೆ ಹಾನಿ ಸಂಭವಿಸಬಹುದು.

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಡಾ. ಫಿಲಿಪ್ ಹೆಂಚ್ ಅವರು ಕಾರ್ಟಿಸೋನ್ ನೀಡಿದಾಗ, ನಡೆಯಲಾರದಿದ್ದ ರೋಗಿಯು ಕೆಲವೇ ದಿನಗಳಲ್ಲಿ ನಡೆದಾಡಿದುದು ವೈದ್ಯಲೋಕವನ್ನು ಬೆರಗುಗೊಳಿಸಿತು. 1950ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ಪಾಲು ದೊರೆಯಿತು. ಆದರೆ ಸ್ಟಿರಾಯ್ಡುಗಳ ಬೆಲೆ ಕಾಲಕ್ರಮದಲ್ಲಿ ತಿಳಿಯಿತು: ಟೊಳ್ಳಾಗುವ ಎಲುಬು, ಏರುವ ಸಕ್ಕರೆ ಮತ್ತು ರಕ್ತದೊತ್ತಡ, ಕಣ್ಣಿನ ಪೊರೆ, ಸೋಂಕು. ಬಹುದಿನ ಸೇವಿಸಿದವರು ತಟ್ಟನೆ ನಿಲ್ಲಿಸುವುದೂ ಅಪಾಯಕರ. ಆದ್ದರಿಂದಲೇ ಮುಖ್ಯ ಔಷಧವು ಫಲ ನೀಡುವವರೆಗೆ ಮಾತ್ರ, ಸಣ್ಣ ಪ್ರಮಾಣದಲ್ಲಿ ಇವನ್ನು ಕೊಡುವುದು ಇಂದಿನ ಪದ್ಧತಿ.

ಆ ಮುಖ್ಯ ಔಷಧವೇ ಮೆಥೊಟ್ರೆಕ್ಸೇಟ್. ಇದು ರೋಗದ ಮೂಲವನ್ನೇ ಹತೋಟಿಗೆ ತರುತ್ತದೆ; ಆದರೆ ಫಲ ಕಾಣಲು ಆರರಿಂದ ಹನ್ನೆರಡು ವಾರಗಳು ಬೇಕು. ಓಕರಿಕೆ, ಬಾಯಿಹುಣ್ಣು, ಯಕೃತ್ತಿನ ತೊಂದರೆ, ರಕ್ತಕಣಗಳ ಇಳಿತ ಇದರ ದೋಷಗಳು. ಜೊತೆಗೆ ಫೋಲಿಕ್ ಆಮ್ಲ, ನಿಯತವಾದ ರಕ್ತಪರೀಕ್ಷೆ, ಮದ್ಯದ ವಿಷಯದಲ್ಲಿ ಸಂಯಮ ಅಗತ್ಯ. ಗರ್ಭಿಣಿಯರಿಗೆ ಇದು ಸರ್ವಥಾ ವರ್ಜ್ಯ. ಹೈಡ್ರಾಕ್ಸಿಕ್ಲೋರೊಕ್ವಿನ್ ಇದಕ್ಕಿಂತ ಸೌಮ್ಯ, ಗುಣವೂ ಮಿತ. ವರ್ಷಗಟ್ಟಲೆ ಸೇವಿಸುವವರು ಕಣ್ಣಿನ ಅಕ್ಷಿಪಟಲವನ್ನು ಪರೀಕ್ಷಿಸಿಕೊಳ್ಳಬೇಕು.

1998ರಿಂದೀಚೆಗೆ ಬಂದ ಎಟನರ್ಸೆಪ್ಟ್‌ನಂತಹ ಜೈವಿಕ ಚುಚ್ಚುಮದ್ದುಗಳು ಪ್ರಬಲ, ಆದರೆ ದುಬಾರಿ. ದೇಹದಲ್ಲಿ ಅಡಗಿದ ಕ್ಷಯವನ್ನು ಕೆರಳಿಸಬಲ್ಲವಾದ್ದರಿಂದ ಮೊದಲು ಕ್ಷಯಪರೀಕ್ಷೆ ಕಡ್ಡಾಯ. ದುಬಾರಿಯಾದುದೇ ಮೇಲೆಂದು ಭಾವಿಸಬೇಕಿಲ್ಲ. ಮೆಥೊಟ್ರೆಕ್ಸೇಟ್ ಒಂದೇ ಸಾಲದ ರೋಗಿಗಳಲ್ಲಿ, ಅದರೊಡನೆ ಸಲ್ಫಸಲಜಿನ್ ಮತ್ತು ಹೈಡ್ರಾಕ್ಸಿಕ್ಲೋರೊಕ್ವಿನ್ ಸೇರಿಸಿದ ಅಗ್ಗದ ಚಿಕಿತ್ಸೆಯು, ಎಟನರ್ಸೆಪ್ಟ್ ಸೇರಿಸಿದ ಚಿಕಿತ್ಸೆಗಿಂತ ಕಡಿಮೆಯಲ್ಲವೆಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಕೊನೆಯದಾಗಿ, ಪರಸ್ಥಳದಲ್ಲಿ ನೆಲೆಸಿದ ಕುಟುಂಬಗಳು ಗಮನಿಸಬೇಕಾದ ಸಂಗತಿಯೊಂದಿದೆ. ಮೆಥೊಟ್ರೆಕ್ಸೇಟನ್ನು ಈ ರೋಗಕ್ಕೆ ಸೇವಿಸುವುದು ವಾರಕ್ಕೊಮ್ಮೆ ಮಾತ್ರ. ತಪ್ಪಿ ಪ್ರತಿದಿನ ನುಂಗಿದುದರಿಂದ ಅಸ್ಥಿಮಜ್ಜೆ ಕುಂದಿ ಪ್ರಾಣಹಾನಿಯಾದ ಪ್ರಸಂಗಗಳುಂಟು. ಊರಿನಿಂದ ಬಂದು ಮಕ್ಕಳೊಡನಿರುವ ವೃದ್ಧ ತಾಯಂದಿರು ಕನ್ನಡವನ್ನಷ್ಟೇ ಓದಬಲ್ಲವರಾದರೆ, ಪೊಟ್ಟಣದ ಮೇಲಿನ ಇಂಗ್ಲಿಷ್ ಬರಹದಿಂದ ಅವರಿಗೆ ಪ್ರಯೋಜನವಿಲ್ಲ. ಅದರ ಮೇಲೆ ‘ಭಾನುವಾರ ಮಾತ್ರ’ ಎಂದೋ, ವೈದ್ಯರು ಗೊತ್ತುಪಡಿಸಿದ ಇನ್ನಾವುದೋ ದಿನವನ್ನೋ ದಪ್ಪಕ್ಷರದ ಕನ್ನಡದಲ್ಲಿ ಬರೆದಿಡುವುದು ಮನೆಯವರ ಕರ್ತವ್ಯ.