ಹಿಮಾಲಯದ ಪುಸ್ತಕದಲ್ಲಿ ಮಲೆನಾಡಿನ ಸಿಳ್ಳಾರ

ಲಂಡನ್ನಿನಲ್ಲಿ 1830ರಿಂದ 1832ರ ನಡುವೆ ಕಂತುಗಳಾಗಿ ಹೊರಬಂದ ಒಂದು ಭಾರೀ ಗಾತ್ರದ ಪುಸ್ತಕವಿದೆ. ಹೆಸರು ‘ಎ ಸೆಂಚುರಿ ಆಫ್ ಬರ್ಡ್ಸ್ ಫ್ರಮ್ ದಿ ಹಿಮಾಲಯ ಮೌಂಟನ್ಸ್’. ಅದರ 80 ಬಣ್ಣದ ಚಿತ್ರಗಳನ್ನು ನೋಡುತ್ತ ಹೋದರೆ ತೀರ್ಥಹಳ್ಳಿ ಸೀಮೆಯವರ ಕೈ ಒಂದು ಪುಟದಲ್ಲಿ ನಿಂತೇ ನಿಲ್ಲುತ್ತದೆ. ಕಪ್ಪಿಗೆ ತಿರುಗಿದ ನೀಲಿ ಮೈ, ಹಣೆಯಲ್ಲೂ ಹೆಗಲಲ್ಲೂ ಹೊಳೆಯುವ ಗಾಢ ನೀಲಿ. ಸಂಶಯವೇ ಬೇಡ, ಅದು ನಮ್ಮ ಸಿಳ್ಳಾರ, ಇಂಗ್ಲಿಷಿನವರ ಮಲಬಾರ್ ವಿಸ್ಲಿಂಗ್ ಥ್ರಷ್.

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿರುವ ಮೇಗರವಳ್ಳಿಯನ್ನು ಕಾಣದವರೂ ‘ಮಲೆಗಳಲ್ಲಿ ಮದುಮಗಳು’ ಓದಿದ್ದರೆ ಆ ಊರನ್ನು ಬಲ್ಲರು. ಅಲ್ಲಿ ಮುಂಗಾರು ಹಿಡಿದ ಮೇಲೆ, ಇನ್ನೂ ಬೆಳಕು ಹರಿಯುವ ಮೊದಲೇ, ತೋಟದ ಕೆಳಗಿನ ಹಳ್ಳದಿಂದ ಯಾರೋ ಹುಡುಗ ಗುರಿಯಿಲ್ಲದೆ ಸಿಳ್ಳೆ ಹಾಕುತ್ತ ಹೋದ ಹಾಗೆ ಕೇಳಿಸುತ್ತದೆ. ರಾಗ ಶುರುವಾಗುತ್ತದೆ, ಮೇಲೇರುತ್ತದೆ, ಮುಗಿಯುವ ಮೊದಲೇ ದಾರಿ ತಪ್ಪುತ್ತದೆ. ಹಳ್ಳದ ಬಂಡೆಯ ಸಂದಿಯಲ್ಲಿ ಗೂಡು ಕಟ್ಟುವ ಈ ಹಕ್ಕಿ ಕೆಲವೊಮ್ಮೆ ಮನೆಯ ಸೂರಿನಡಿಗೂ ಬರುತ್ತದೆ. ಪಶ್ಚಿಮ ಘಟ್ಟವೇ ಇದರ ಮುಖ್ಯ ನೆಲೆ. ಮಧ್ಯ ಭಾರತದ ಬೆಟ್ಟಗಳಲ್ಲೂ ಉಂಟು. ಹಿಮಾಲಯದಲ್ಲಿ ಮಾತ್ರ ಇಲ್ಲ.

ಹಾಗಿದ್ದರೆ ಆ ಪುಸ್ತಕಕ್ಕೆ ಹೇಗೆ ಬಂತು? ಆಗ ಭಾರತದ ಮೂಲೆ ಮೂಲೆಯಿಂದ ಹಕ್ಕಿಗಳ ಚರ್ಮ ಸುಲಿದು, ಒಣಗಿಸಿ, ಹಡಗಿನಲ್ಲಿ ಲಂಡನ್ನಿಗೆ ಕಳಿಸುತ್ತಿದ್ದರು. ಎಲ್ಲಿ ಹೊಡೆದದ್ದು ಎಂಬ ವಿವರ ಎಷ್ಟೋ ಸಲ ದಾರಿಯಲ್ಲೇ ಕಳೆದುಹೋಗುತ್ತಿತ್ತು. 1831ರಲ್ಲಿ ನಿಕೊಲಸ್ ವಿಗರ್ಸ್ ಈ ಸಿಳ್ಳಾರಕ್ಕೆ ಶಾಸ್ತ್ರೀಯ ಹೆಸರು ಕೊಟ್ಟಾಗ ಅದು ಹಿಮಾಲಯದ್ದೆಂದೇ ನಮೂದಿಸಿದ. ಊರು ಮಲಬಾರ್ ಎಂಬ ತಿದ್ದುಪಡಿ ಬಂದದ್ದು ಆಮೇಲೆ. ಹಿಮಾಲಯದಲ್ಲಿ ನಿಜಕ್ಕೂ ಇರುವ ಇದರ ದಾಯಾದಿಯ ಚಿತ್ರವೂ ಅದೇ ಪುಸ್ತಕದಲ್ಲಿದೆ.

ಪುಸ್ತಕದ ಮೇಲಿರುವ ಹೆಸರು ಜಾನ್ ಗೂಲ್ಡ್‌ನದು. ಚಿತ್ರಗಳನ್ನು ಕಲ್ಲಿನ ಮೇಲೆ ಬರೆದವಳು ಅವನ ಹೆಂಡತಿ ಎಲಿಜಬೆತ್. ಕಲ್ಲಚ್ಚಿನ ಕೆಲಸ ಸುಲಭದ್ದಲ್ಲ. ನುಣುಪಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಒಂದೊಂದು ಗರಿಯನ್ನೂ ಎಡಬಲ ತಿರುಗಿಸಿ ಬರೆಯಬೇಕು. ಕಲ್ಲನ್ನು ಒದ್ದೆ ಮಾಡಿ ಮಸಿ ಸವರಿದರೆ ಜಿಡ್ಡಿದ್ದಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಹಾಗೆ ತೆಗೆದ ಕಪ್ಪು ಬಿಳುಪು ಪ್ರತಿಗಳಿಗೆ ಬಣ್ಣಗಾರರು ಒಂದೊಂದಾಗಿ ಕೈಯಿಂದ ನೀರುಬಣ್ಣ ತುಂಬುತ್ತಿದ್ದರು. ಮೊದಲ ಪ್ರತಿಗಳಲ್ಲಿ ಹಕ್ಕಿಗೆ ಮಾತ್ರ ಬಣ್ಣ, ಹಿನ್ನೆಲೆಗೆ ಇಲ್ಲ. ಹಿಮಾಲಯವನ್ನಾಗಲಿ ಮಲೆನಾಡನ್ನಾಗಲಿ ಕಾಣದ, ಇನ್ನೂ ಮೂವತ್ತು ದಾಟದ ಆ ಹೆಣ್ಣುಮಗಳು ಒಣ ಚರ್ಮವನ್ನು ಎದುರಿಗಿಟ್ಟುಕೊಂಡು ಇಷ್ಟು ಸರಿಯಾಗಿ ಬರೆದಳಲ್ಲ ಎಂದು ನನಗೆ ಪ್ರತಿ ಸಲವೂ ಬೆರಗಾಗುತ್ತದೆ. 1841ರಲ್ಲಿ, 37ನೇ ವಯಸ್ಸಿಗೆ, ಬಾಣಂತಿಯಾಗಿದ್ದಾಗ ಆಕೆ ತೀರಿಕೊಂಡಳು.

ಒಣ ಚರ್ಮ ಹೇಳದೆ ಉಳಿಸುವ ಸಂಗತಿಗಳು ಬಹಳ. ದೊಡ್ಡ ಮಂಗಟ್ಟೆಯನ್ನೇ ನೋಡಿ. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ಸತ್ತ ಹಕ್ಕಿಯಲ್ಲಿ ಕಣ್ಣೇ ಇರುವುದಿಲ್ಲ, ಅಲ್ಲಿರುವುದು ಹತ್ತಿ. ಅದರ ಕೊಕ್ಕಿಗೂ ಬಿಳಿ ಗರಿಗಳಿಗೂ ಇರುವ ಅರಿಸಿನದ ಛಾಯೆ ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಹಕ್ಕಿ ತಾನೇ ಬಳಿದುಕೊಂಡದ್ದು. ಪ್ರಾಣ ಹೋದ ಮೇಲೆ ಬಳಿಯುವವರಿಲ್ಲ, ಬಣ್ಣ ಮಾಸುತ್ತ ಹೋಗುತ್ತದೆ. 1877ರಿಂದ 1882ರವರೆಗೆ ಅಮೆರಿಕದ ಡೇನಿಯಲ್ ಜಿರಾಡ್ ಎಲಿಯಟ್ ಮಂಗಟ್ಟೆಗಳ ಬಗ್ಗೆಯೇ ಹೊರತಂದ ಗ್ರಂಥಕ್ಕೆ ಚಿತ್ರ ಬರೆದ ಜೆ. ಜಿ. ಕ್ಯೂಲೆಮನ್ಸ್‌ನಂಥ ನುರಿತ ಕಲಾವಿದರೂ ಇಂಥ ಕಡೆ ಚರ್ಮಕ್ಕೆ ಕಟ್ಟಿದ ಚೀಟಿಯನ್ನು, ಬೇಟೆಯಾಡಿದವನ ಟಿಪ್ಪಣಿಯನ್ನು ನಂಬಬೇಕಿತ್ತು.

ಕಾಕರಣೆ ಹಕ್ಕಿಯದು ಇನ್ನೊಂದು ಕಥೆ. ಆಗುಂಬೆ ಸುತ್ತಿನ ಕಗ್ಗಾಡಿನಲ್ಲಿ ಗಂಡು ಕಾಕರಣೆ ಅಲುಗಾಡದೆ ನೆಟ್ಟಗೆ ಕೂರುತ್ತದೆ. ಕಪ್ಪು ತಲೆ, ಎದೆಯಲ್ಲಿ ಬಿಳಿ ಪಟ್ಟಿ, ಅದರ ಕೆಳಗೆ ಕಡುಗೆಂಪು ಹೊಟ್ಟೆ. ಆದರೆ ಮನುಷ್ಯರ ಸುಳಿವು ಸಿಕ್ಕಿದರೆ ನಮಗೆ ಬೆನ್ನು ತಿರುಗಿಸಿಬಿಡುತ್ತದೆ, ಆಗ ಕಾಣುವುದು ಒಣ ಎಲೆಯ ಕಂದು ಮಾತ್ರ. ಮ್ಯೂಸಿಯಮ್ಮಿನ ಪೆಟ್ಟಿಗೆಯಲ್ಲಿ ಬೆಳಕು ತಾಗಿ ಆ ಕೆಂಪು ಬಿಳಿಚಿಕೊಳ್ಳುತ್ತದೆ. ಈ ಹಕ್ಕಿಯನ್ನು ಯುರೋಪಿನ ವಿಜ್ಞಾನಕ್ಕೆ ಪರಿಚಯಿಸಿದ್ದು ಒಂದು ಚಿತ್ರ. 1752ರಿಂದ 1757ರವರೆಗೆ ಸಿಲೋನಿನ ಡಚ್ ಗವರ್ನರ್ ಆಗಿದ್ದ ಯೋಹಾನ್ ಗಿಡಿಯನ್ ಲೋಟನ್, ಪೀಟರ್ ಕಾರ್ನೆಲಿಸ್ ಡಿ ಬೆವೆರೆ ಎಂಬ ಅಲ್ಲಿಯ ಕಲಾವಿದನಿಂದ ಹಕ್ಕಿಗಳನ್ನು ಬರೆಸಿದ. ಆ ಚಿತ್ರಗಳ ಆಧಾರದ ಮೇಲೆ ಥಾಮಸ್ ಪೆನ್ನಂಟ್ 1769ರಲ್ಲಿ ‘ಇಂಡಿಯನ್ ಜೂಯಾಲಜಿ’ ಪ್ರಕಟಿಸಿದ, ಕಾಕರಣೆಗೆ ಹೆಸರೂ ಇಟ್ಟ. ಹಕ್ಕಿಯ ನಾಡಿನಲ್ಲೇ ಕೂತು ಬರೆದ ಚಿತ್ರಕ್ಕೆ ಇದ್ದ ಬೆಲೆ ಅಂಥದ್ದು.

ನಮ್ಮ ಕಡೆ ಅಂಥ ಕೆಲಸ ಆಗಲಿಲ್ಲವಲ್ಲ ಎಂಬುದು ನನ್ನ ಸಂಕಟ. 1801ರಲ್ಲಿ ಫ್ರಾನ್ಸಿಸ್ ಬುಕನನ್ ಇಕ್ಕೇರಿ, ಸಾಗರ, ನಗರ ದಾಟಿಕೊಂಡು ಹೋದ. ಅಡಿಕೆ, ಮೆಣಸು, ಕಂದಾಯ, ಜಾತಿ ಎಲ್ಲ ಕೇಳಿ ಬರೆದುಕೊಂಡ. ಅವನೇ 1804ರಲ್ಲಿ ಕಲ್ಕತ್ತೆಯ ಬಳಿಯ ಬಾರಕ್‌ಪುರದಲ್ಲಿ ಪ್ರಾಣಿ ಪಕ್ಷಿಗಳನ್ನು ಸಾಕಿ ಭಾರತೀಯ ಚಿತ್ರಕಾರರಿಂದ ಬರೆಸಿದ. ಅವರಲ್ಲಿ ಹಾಲೂದಾರ್ ಎಂಬಾತನ ಹೆಸರು ಉಳಿದುಬಂದಿದೆ. ಮೂರು ವರ್ಷ ಮೊದಲು ಅಂಥ ಒಬ್ಬ ಚಿತ್ರಕಾರ ಬುಕನನ್ನನ ಜೊತೆ ನಗರದ ಕಾಡಿನಲ್ಲಿ ನಡೆದಿದ್ದರೆ!

ದಕ್ಷಿಣದ ಹಕ್ಕಿಗಳನ್ನು ದಕ್ಷಿಣದಲ್ಲೇ ಬರೆಸಿದ ಪುಣ್ಯ ಥಾಮಸ್ ಜೆರ್ಡನ್ ಎಂಬ ಸೇನಾ ವೈದ್ಯನದು. ಮದ್ರಾಸಿನಿಂದ 1843ರಿಂದ 1847ರವರೆಗೆ ಹೊರಬಂದ ‘ಇಲಸ್ಟ್ರೇಷನ್ಸ್ ಆಫ್ ಇಂಡಿಯನ್ ಆರ್ನಿಥಾಲಜಿ’ಯಲ್ಲಿ 50 ಫಲಕಗಳಿವೆ. ಬರೆದವರು ಭಾರತೀಯ ಚಿತ್ರಕಾರರು. ಜೆರ್ಡನ್‌ಗೆ ಹಕ್ಕಿಗಳ ಟಿಪ್ಪಣಿ ಕೊಟ್ಟು ನೆರವಾದವರಲ್ಲಿ ವಾಲ್ಟರ್ ಎಲಿಯಟ್ ಮುಖ್ಯ. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ ಕಿತ್ತೂರಿನ ಕಾಳಗದಲ್ಲಿ ಚೆನ್ನಮ್ಮನ ಕಡೆಯವರಿಗೆ ಸೆರೆ ಸಿಕ್ಕಿದ್ದನಲ್ಲ, ಅದೇ ಎಲಿಯಟ್. ಚರಿತ್ರೆಯ ಪಾಠದಲ್ಲಿ ಅವನನ್ನು ಕೈದಿಯಾಗಿ ಬಲ್ಲ ನಾವು ಧಾರವಾಡ ಸೀಮೆಯ ಪ್ರಾಣಿಗಳ ಪಟ್ಟಿ ಮಾಡಿದವನಾಗಿಯೂ ಬಲ್ಲವರಾಗಬೇಕು.

1939–40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದರು. ಆಮೇಲೆ ತೇಜಸ್ವಿ ಕ್ಯಾಮೆರಾ ಹಿಡಿದು ಕಾಡಿಗಿಳಿದರು, ಹಕ್ಕಿಗಳು ಕನ್ನಡದ ಮನೆಗಳಿಗೆ ಬಂದವು. ಗೂಲ್ಡ್, ಜೆರ್ಡನ್ ಕಾಲದ ಪುಸ್ತಕಗಳೆಲ್ಲ ಈಗ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಹಕ್ಕುಸ್ವಾಮ್ಯದ ಅಡ್ಡಿಯೂ ಇಲ್ಲ. ಮೊಬೈಲಿನಲ್ಲಿ ಚಿತ್ರವನ್ನು ಹಿಗ್ಗಿಸಿದರೆ ಬಣ್ಣಗಾರರ ಕುಂಚ ಗೆರೆ ದಾಟಿದ ಜಾಗವೂ ಕಾಣುತ್ತದೆ. ಮಲೆನಾಡಿನಲ್ಲಿರುವ ಹಕ್ಕಿಗಳ ಫಲಕಗಳನ್ನಷ್ಟೇ ಆರಿಸಿ, ದೊಡ್ಡದಾಗಿ ಮುದ್ರಿಸಿ, ಈ ಸೀಮೆಯ ಶಾಲೆಗಳ ಗೋಡೆಗೆ ಹಾಕಬೇಕೆಂಬುದು ನನ್ನ ಆಸೆ. ಕೆಳಗೆ ಒಂದಷ್ಟು ಖಾಲಿ ಜಾಗ ಬಿಡೋಣ. ಯಾವ ಹಳ್ಳದಲ್ಲಿ ಕಂಡೆ, ಯಾವ ತಿಂಗಳಲ್ಲಿ, ಕೂಗು ಹೇಗಿತ್ತು, ಕಣ್ಣಿನ ಬಣ್ಣ ಯಾವುದು ಎಂದು ಮಕ್ಕಳು ಅಲ್ಲಿ ಬರೆಯಲಿ.