ತಾರೆಯ ಮಗ್ಗುಲಲ್ಲಿ ಅನಿಲದೈತ್ಯ

ಪೂರ್ವಾಭಾದ್ರೆಯ ಎರಡು ತಾರೆಗಳ ನಡುವೆ, ತುಸು ಪಶ್ಚಿಮಕ್ಕೆ, ಬರಿಗಣ್ಣಿಗೆ ಮಸುಕಾಗಿ ತೋರುವ 51 ಪೆಗಾಸಿ ಎಂಬ ತಾರೆಯಿದೆ. ಸೂರ್ಯನನ್ನು ಹೋಲುವ ಇದು ನಮ್ಮಿಂದ ಸುಮಾರು 50 ಜ್ಯೋತಿರ್ವರ್ಷ ದೂರದಲ್ಲಿದೆ. ಇದಕ್ಕೊಂದು ಗ್ರಹವಿರುವುದನ್ನು ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಹಾಗೂ ಡಿಡಿಯೆ ಕೆಲೋ 1995ರಲ್ಲಿ ಪ್ರಕಟಿಸಿದರು. ಗ್ರಹವನ್ನು ಅವರು ಕಣ್ಣಾರೆ ಕಂಡದ್ದಲ್ಲ. ಅದರ ಸೆಳೆತಕ್ಕೆ ತಾರೆಯು ತೊನೆಯುವಾಗ ಬೆಳಕಿನ ರೋಹಿತದಲ್ಲಿ ಉಂಟಾಗುವ ಅಲ್ಪ ಪಲ್ಲಟದಿಂದ ಕಂಡುಕೊಂಡದ್ದು.

ಗುರುಗ್ರಹದ ಸುಮಾರು ಅರ್ಧದಷ್ಟು ದ್ರವ್ಯರಾಶಿಯುಳ್ಳ ಈ ಅನಿಲಗ್ರಹವು ತಾರೆಯಿಂದ ಸುಮಾರು 80 ಲಕ್ಷ ಕಿಲೋಮೀಟರ್ ಅಂತರದಲ್ಲಿದ್ದು, ನಾಲ್ಕೂಕಾಲು ದಿನಕ್ಕೊಮ್ಮೆ ಪ್ರದಕ್ಷಿಣೆ ಮುಗಿಸುತ್ತದೆ. ನಮ್ಮ ಬುಧನಿಗಾದರೂ 88 ದಿನ ಬೇಕು. ನೀರು ಹಿಮಗಟ್ಟುವಷ್ಟು ದೂರದಲ್ಲಿ ಮಾತ್ರ ಘನಗರ್ಭವು ಬೇಗ ಬೆಳೆದು ಅನಿಲವನ್ನು ಹಿಡಿದಿಡಬಲ್ಲದೆಂಬುದು ಅಂದಿನ ಸಿದ್ಧಾಂತ. ಆದುದರಿಂದ ಈ ಗ್ರಹವು ದೂರದಲ್ಲಿ ಹುಟ್ಟಿ, ಅನಿಲ-ಧೂಳಿನ ತಟ್ಟೆಯ ಸೆಳೆತಕ್ಕೆ ಸಿಕ್ಕಿ ಒಳಸರಿದಿರಬೇಕೆಂಬುದು ಪ್ರಬಲ ವಿವರಣೆಗಳಲ್ಲೊಂದು.

ಇಂಥ ಗ್ರಹಗಳಿರಬಹುದೆಂದೂ ಅವುಗಳನ್ನು ಇದೇ ವಿಧಾನದಿಂದ ಅರಿಯಬಹುದೆಂದೂ ಆಟೋ ಸ್ಟ್ರೂವ 1952ರಲ್ಲಿಯೇ ಬರೆದಿದ್ದರು. ಆ ಮಾತು ಬಹುಕಾಲ ಗಮನ ಸೆಳೆಯಲಿಲ್ಲ. ಸೌರವ್ಯೂಹವೊಂದನ್ನೇ ಕಂಡಿದ್ದ ವಿಜ್ಞಾನವು ಅದರ ವ್ಯವಸ್ಥೆಯನ್ನೇ ವಿಶ್ವನಿಯಮವೆಂದು ಬಗೆದಿತ್ತು. ಒಂದೇ ನಿದರ್ಶನದಿಂದ ಕಟ್ಟಿದ ನಿಯಮವು ಎಷ್ಟೇ ಸುಸಂಬದ್ಧವಾಗಿದ್ದರೂ ಎರಡನೆಯ ನಿದರ್ಶನ ದೊರೆಯುವವರೆಗೆ ಅದು ಊಹೆಯೇ ಎಂಬುದನ್ನು ಈ ಗ್ರಹ ತೋರಿಸಿಕೊಟ್ಟಿತು.